ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದೆ: ಹೊಸದಾಗಿ ಸೇರುವವರಿಗೆ ನನ್ನ ಅನುಭವ

ಹೋದ ವಾರ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಸರ್ಟಿಫಿಕೇಟ್ ಕೈಗೆ ಬಂತು. ಈಗ ನಾನು ರಿಜಿಸ್ಟರ್ಡ್ ನರ್ಸ್, ಹೆರಿಗೆ ನೋಡಿಕೊಳ್ಳುವ ರಿಜಿಸ್ಟರ್ಡ್ ಮಿಡ್‌ವೈಫ್. ಬಿ.ಎಸ್ಸಿ. ನರ್ಸಿಂಗ್‌ಗೆ ಯಾವ ಸಬ್ಜೆಕ್ಟ್ ಇರ್ತದೆ, ಫೀಸ್ ಎಷ್ಟು, ಮುಗಿಸಿದರೆ ಕೆಲಸ ಎಲ್ಲಿ ಸಿಗ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಓದಿನಲ್ಲಿ ನಮ್ಮ ಮೇಲೆ ನಮಗಿದ್ದ ನಂಬಿಕೆ ಹೇಗೆ ಕುಸಿಯುತ್ತದೆ, ಅದನ್ನು ಮತ್ತೆ ಕಟ್ಟಿಕೊಳ್ಳಲು ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಈ ವರ್ಷ ಸೇರುವವರಿಗೆ, ಸೇರಿ ಈಗ ಹಾಸ್ಟೆಲ್ ರೂಮಲ್ಲಿ ಅಳುತ್ತಾ ಕೂತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ನನ್ನದು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾರೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇದ್ದದ್ದರಿಂದ ಸೀಟಿಗೆ ತೊಂದರೆ ಆಗಲಿಲ್ಲ. ದುಡ್ಡಿಗೆ ಆಯಿತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸ್ಕಾಲರ್‌ಶಿಪ್ ಉಂಟು. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಮ್ಮನ ಬೀಡಿ ಕಾರ್ಡ್, ಆದಾಯ ಪ್ರಮಾಣಪತ್ರ, ಆಧಾರ್ ಲಿಂಕ್ ಆದ ಬ್ಯಾಂಕ್ ಖಾತೆ ರೆಡಿ ಇಟ್ಟುಕೊಳ್ಳಿ. ಆ ಕಾರ್ಡನ್ನು ನಮ್ಮ ಮನೆಯಲ್ಲಿ ಹುಡುಕಿದ್ದೇ ಒಂದು ಕಥೆ. ಅಕ್ಕಿ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಸ್ಕಾಲರ್‌ಶಿಪ್ ದುಡ್ಡು ವರ್ಷದ ಕೊನೆಗೆ ಬರುತ್ತದೆ. ಕಾಲೇಜು ಫೀಸ್ ವರ್ಷದ ಶುರುವಿಗೇ ಕಟ್ಟಬೇಕು. ನಡುವಿನ ತಿಂಗಳುಗಳಿಗೆ ಮೊದಲೇ ಲೆಕ್ಕ ಹಾಕಿಡಿ. ಫೀಸಿನ ಜೊತೆಗೆ ಯೂನಿಫಾರ್ಮ್, ಬಿಳಿ ಶೂ, ಸ್ಟೆತಸ್ಕೋಪ್, ಸೆಕೆಂಡ್ ಮುಳ್ಳಿರುವ ವಾಚ್, ರೆಕಾರ್ಡ್ ಪುಸ್ತಕ, ಜೆರಾಕ್ಸ್ ಎಲ್ಲ ಇದೆ. ಜೆರಾಕ್ಸಿಗೆ ಆಗುವ ಖರ್ಚನ್ನು ಯಾರೂ ಹೇಳುವುದಿಲ್ಲ, ಅದು ಜಾಸ್ತಿಯೇ.

ಸೀಟ್ ಸಿಕ್ಕಿದ ಸುದ್ದಿ ಹೇಳಿದಾಗ ನೆಂಟರು ಕೇಳಿದ್ದು ಒಂದೇ ಪ್ರಶ್ನೆ. "ನರ್ಸಾ? ಡಾಕ್ಟರ್ ಸೀಟ್ ಸಿಗಲಿಲ್ವಾ?" ಆಮೇಲೆ ಸಮಾಧಾನಕ್ಕೆ, "ಪರವಾಗಿಲ್ಲ, ಫಾರಿನ್‌ಗೆ ಹೋಗಬಹುದಲ್ಲ." ನಾನು ಕಾಲೇಜಿಗೆ ಕಾಲಿಡುವ ಮೊದಲೇ ನನ್ನ ಬಗ್ಗೆ ಎರಡು ತೀರ್ಮಾನ ಆಗಿಬಿಟ್ಟಿತ್ತು. ಡಾಕ್ಟರ್ ಆಗಲಾರದವಳು, ವಿದೇಶಕ್ಕೆ ಹೋದರೆ ಮಾತ್ರ ಬೆಲೆ ಇರುವವಳು. ಅದನ್ನು ನಾನೂ ನಂಬಿದ್ದೆ.

ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇರಳದವರು. ಹಾಸ್ಟೆಲ್ಲಿನಲ್ಲಿ ಮಲಯಾಳಂ, ಕ್ಲಾಸಿನಲ್ಲಿ ಇಂಗ್ಲಿಷ್. ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಶನ್. ಮೇಡಂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಎದ್ದು ನಿಲ್ಲಲು ಧೈರ್ಯ ಬರುತ್ತಿರಲಿಲ್ಲ. ಪಕ್ಕದವಳು ನನಗೆ ಗೊತ್ತಿದ್ದ ಉತ್ತರವನ್ನೇ ಹೇಳಿ ಕೂರುತ್ತಿದ್ದಳು.

ದೀಪ ಬೆಳಗುವ ಕಾರ್ಯಕ್ರಮಕ್ಕೆ ಅಮ್ಮ ಬಂದಿದ್ದರು. ಕೈಯಲ್ಲಿ ದೀಪ ಹಿಡಿದು ಎಲ್ಲರೂ ಒಟ್ಟಿಗೆ ನೈಟಿಂಗೇಲ್ ಪ್ರತಿಜ್ಞೆ ಹೇಳುತ್ತೇವೆ. ಇದನ್ನು ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದು ಎಂದೇ ತುಂಬಾ ಜನ ತಿಳಿದಿದ್ದಾರೆ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಗಾಗಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಮಿತಿ ಬರೆದದ್ದು ಅದು. ಪ್ರತಿಜ್ಞೆಯ ಹಳೆಯ ರೂಪದಲ್ಲಿ, ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಸಾಲಿದೆ. ನಾನು ಅದನ್ನು ಹೇಳುವಾಗ ಮೈ ಜುಂ ಎಂದಿತು. ಆದರೆ ನರ್ಸ್ ಅಂದರೆ ಇಷ್ಟೇ, ಡಾಕ್ಟರ್ ಹೇಳಿದ್ದನ್ನು ಮಾಡುವವರು ಎಂಬ ಎಣಿಕೆ ಅಲ್ಲಿಂದಲೇ ಗಟ್ಟಿಯಾಯಿತು. ನಿಜವಾಗಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ತೆರೆದದ್ದು ನರ್ಸಿಂಗ್‌ಗೆ ಅದರದೇ ಆದ ತರಬೇತಿ ಬೇಕು ಎಂಬ ಕಾರಣಕ್ಕೆ. ಇದನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಅದರ ಅರ್ಥ ಏನು ಎಂದು ಕೂತು ಯೋಚಿಸಲು ಯಾರಿಗೂ ಪುರುಸೊತ್ತು ಇರಲಿಲ್ಲ.

ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ನಿಜವಾದ ಪೆಟ್ಟು ಬಿತ್ತು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಒಂದು ಬೆಳಿಗ್ಗೆ ಹಿಂದಿನ ಶಿಫ್ಟಿನವರು ಬರೆಯದೆ ಬಿಟ್ಟ ಚಾರ್ಟಿಗಾಗಿ ವಾರ್ಡಿನ ಇನ್‌ಚಾರ್ಜ್ ನನ್ನನ್ನು ಬೈದರು. ನಾನು ಆಗಷ್ಟೇ ಡ್ಯೂಟಿಗೆ ಬಂದಿದ್ದೆ. ಬೈದದ್ದು ರೋಗಿಯ ಎದುರು, ಮನೆಯವರ ಎದುರು, ಜೊತೆಯವರ ಎದುರು. "ನಿನ್ನಂಥವರೆಲ್ಲ ಈ ಲೈನಿಗೆ ಯಾಕೆ ಬರ್ತೀರಿ?" ಎಂದರು. ಸ್ವಲ್ಪ ಹೊತ್ತಿಗೆ ಬಿಪಿ ನೋಡಲು ಹೋದರೆ ರೋಗಿಯ ಮಗ ಕೈ ಅಡ್ಡ ಹಿಡಿದ. "ಈ ಹುಡುಗಿ ಬೇಡ, ಬೇರೆಯವರನ್ನು ಕಳಿಸಿ."

ಆಮೇಲೆ ಕೆಲವು ತಿಂಗಳು ನನ್ನ ಧ್ವನಿಯೇ ಇಳಿದುಹೋಯಿತು. ಡೌಟ್ ಇದ್ದರೂ ಕೇಳುತ್ತಿರಲಿಲ್ಲ. ಬೆಡ್ ಹತ್ತಿರ ಹೋಗದೆ ಟ್ರಾಲಿ ಒರೆಸುತ್ತಾ, ಹತ್ತಿ ಕತ್ತರಿಸುತ್ತಾ ಶಿಫ್ಟ್ ಕಳೆಯುತ್ತಿದ್ದೆ. ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗ ಹೊಟ್ಟೆ ತೊಳಸಿದಂತೆ ಆಗುತ್ತಿತ್ತು. ಮನೆಗೆ ಫೋನ್ ಮಾಡಿದಾಗ "ಚೆನ್ನಾಗಿದ್ದೇನೆ ಅಮ್ಮ" ಎನ್ನುತ್ತಿದ್ದೆ. ಬಿಟ್ಟು ಹೋಗೋಣ ಎಂದರೆ ಕಟ್ಟಿದ ಫೀಸು ಕಣ್ಣ ಮುಂದೆ ಬರುತ್ತಿತ್ತು. ಒಂದು ಮಾತು ನೆನಪಿಡಿ. ಬೈಗುಳ ಬಿದ್ದ ದಿನ ಹಾಸ್ಟೆಲ್ಲಿಗೆ ಬಂದು ಒಬ್ಬರಿಗಾದರೂ ಹೇಳಿ. ನಾನು ಹೇಳಿದ್ದು ತುಂಬಾ ತಡವಾಗಿ. ಹೇಳಿದಾಗ ರೂಮಿನ ನಾಲ್ವರಿಗೂ ಹೀಗೇ ಆಗಿತ್ತು ಎಂದು ಗೊತ್ತಾಯಿತು.

ದಾರಿ ತೋರಿಸಿದ್ದು ನಮ್ಮದೇ ಪಾಠಪುಸ್ತಕ. ನರ್ಸಿಂಗ್ ಫೌಂಡೇಶನ್‌ನಲ್ಲಿ ಸೆಲ್ಫ್ ಕಾನ್ಸೆಪ್ಟ್ ಎಂಬ ಪಾಠ ಬರುತ್ತದೆ. ಒಬ್ಬ ಮನುಷ್ಯ ತನ್ನ ಬಗ್ಗೆ ತಾನು ಏನೆಂದುಕೊಂಡಿದ್ದಾನೆ ಎಂಬುದರ ಪಾಠ. ಅದಕ್ಕೆ ನಾಲ್ಕು ಭಾಗ: ನಾನು ಯಾರು ಎಂಬ ಗುರುತು, ನನ್ನ ದೇಹದ ಬಗ್ಗೆ ನನಗಿರುವ ಚಿತ್ರ, ನನ್ನ ಪಾತ್ರವನ್ನು ನಾನು ಹೇಗೆ ನಿಭಾಯಿಸುತ್ತಿದ್ದೇನೆ ಎಂಬುದು, ಆತ್ಮಗೌರವ. ಪಾಠದಲ್ಲಿ ಇದೆಲ್ಲ ರೋಗಿಗಳಿಗೆ. ಕಾಲು ಕಳೆದುಕೊಂಡವರು, ಸ್ತನದ ಆಪರೇಷನ್ ಆದವರು, ಕೆಲಸ ಹೋದವರು. ನರ್ಸ್ ಗುರುತಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ, ಅಂದರೆ ನರ್ಸಿಂಗ್ ಡಯಾಗ್ನೋಸಿಸ್‌ನಲ್ಲಿ, ಆತ್ಮಗೌರವ ಕುಗ್ಗುವುದರಲ್ಲಿ ಎರಡು ಬಗೆ ಹೇಳಿದ್ದಾರೆ. ಯಾವುದೋ ಒಂದು ಘಟನೆಯಿಂದ ಕುಗ್ಗಿದ್ದು ಒಂದು. ವರ್ಷಗಟ್ಟಲೆಯಿಂದ ಒಳಗೇ ಕೂತದ್ದು ಇನ್ನೊಂದು. ಒಬ್ಬ ರೋಗಿಯ ಕೇರ್ ಪ್ಲ್ಯಾನ್, ಅಂದರೆ ಏನು ತೊಂದರೆ, ಏನು ಆರೈಕೆ ಎಂಬುದನ್ನು ಬರೆಯುತ್ತಾ ಇದ್ದೆ. ಲಕ್ಷಣಗಳ ಕಾಲಮ್ಮಿನಲ್ಲಿ, ಕಣ್ಣು ತಪ್ಪಿಸುತ್ತಾರೆ, ಧ್ವನಿ ತಗ್ಗಿದೆ, ತನ್ನಿಂದ ಆಗದು ಎನ್ನುತ್ತಾರೆ ಎಂದು ಬರೆದೆ. ಪೆನ್ನು ನಿಂತಿತು. ಇದು ನಾನೇ ಅಲ್ವಾ?

ಅವತ್ತು ರಾತ್ರಿ ರಫ್ ಪುಸ್ತಕದ ಹಿಂದೆ ನನ್ನ ಹೆಸರಿನಲ್ಲೇ ಒಂದು ಕೇರ್ ಪ್ಲ್ಯಾನ್ ಬರೆದೆ. ನಾಲ್ಕು ಭಾಗಕ್ಕೂ ಬೇರೆ ಬೇರೆ ಗೆರೆ. ದೇಹದ ಸಾಲಿನಲ್ಲಿ ನನ್ನ ಕಪ್ಪು ಬಣ್ಣದ ಬಗ್ಗೆ ಚಿಕ್ಕಂದಿನಿಂದ ಕೇಳಿದ ಮಾತುಗಳನ್ನು ಬರೆದೆ. ಬಿಳಿ ಯೂನಿಫಾರ್ಮ್ ಹಾಕಿದಾಗ ಅದು ಇನ್ನೂ ಎದ್ದು ಕಾಣುತ್ತದೆ ಎಂಬ ಸಂಕೋಚ ನನಗಿತ್ತು. ಇದು ಹಳೆಯದು, ವಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಪಾತ್ರದ ಸಾಲಿನಲ್ಲಿ, ಏನು ಮಾಡಬಲ್ಲೆ, ಏನು ಮಾಡಲಾರೆ ಎಂದು ನಿಜ ನಿಜ ಬರೆದೆ. ಬಿಪಿ ನೋಡಲು ಬರುತ್ತದೆ. ಬೆಡ್ ಬಾತ್, ಅಂದರೆ ಮಂಚದಲ್ಲೇ ಮೈ ಒರೆಸುವುದು, ಚೆನ್ನಾಗಿ ಕೊಡುತ್ತೇನೆ. ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಪ್ಲಾಸ್ಟಿಕ್ ಕೊಳವೆ, ಹಾಕಲು ಭಯ. ಡಾಕ್ಟರ ಹತ್ತಿರ ಮಾತಾಡಲು ಭಯ. ಬರೆದು ನೋಡಿದಾಗ ಕಂಡದ್ದು ಇಷ್ಟು. "ನಾನು ಯಾವುದಕ್ಕೂ ಆಗದವಳು" ಎಂಬ ಒಂದು ದೊಡ್ಡ ಮಾತಿನ ಕೆಳಗೆ ಮೂರು ನಾಲ್ಕು ಸಣ್ಣ ಕೊರತೆಗಳಿದ್ದವು. ಅವು ಕಲಿತರೆ ಹೋಗುವಂಥವು. ನೀವು ಇದೊಂದನ್ನು ಮಾಡಿ. ಮನಸ್ಸಿನಲ್ಲೇ ಯೋಚಿಸಿದರೆ ಸಾಲದು, ಪೆನ್ನು ಹಿಡಿದು ಬರೆಯಿರಿ.

ಅದೇ ಸಮಯಕ್ಕೆ ಎಂ.ಎಸ್ಸಿ. ಓದುವ ಒಬ್ಬ ಅಕ್ಕ ತಮ್ಮ ಥೀಸಿಸ್‌ಗಾಗಿ ನಮ್ಮ ಕ್ಲಾಸಿಗೆ ಒಂದು ಫಾರ್ಮ್ ಹಂಚಿದರು. ಮಾರಿಸ್ ರೋಸೆನ್‌ಬರ್ಗ್ ಎಂಬವರು 1965ರಲ್ಲಿ ಮಾಡಿದ ಆತ್ಮಗೌರವದ ಅಳತೆ. 10 ವಾಕ್ಯಗಳು, ಐದು ಒಳ್ಳೆಯ ಮಾತು, ಐದು ತದ್ವಿರುದ್ಧ. ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗೆ ಟಿಕ್ ಹಾಕಬೇಕು. ಒಟ್ಟು 30 ಅಂಕ, 15ಕ್ಕಿಂತ ಕೆಳಗೆ ಬಂದರೆ ಕಡಿಮೆ ಎಂದು ಸಾಮಾನ್ಯವಾಗಿ ಲೆಕ್ಕ. ನನ್ನದು ಕೆಳಗೇ ಇತ್ತು. ನಿಮಗೂ ಇಂಥ ಫಾರ್ಮ್ ಬರಬಹುದು, ನರ್ಸಿಂಗ್ ಕಾಲೇಜುಗಳಲ್ಲಿ ಇದು ತುಂಬಾ ಸಾಮಾನ್ಯ. ಹೆದರಬೇಡಿ. ಅದು ರೋಗದ ಪರೀಕ್ಷೆ ಅಲ್ಲ. ಆ ಹೊತ್ತಿಗೆ ನಮ್ಮ ಬಗ್ಗೆ ನಮಗೆ ಹೇಗನಿಸುತ್ತಿದೆ ಎಂದಷ್ಟೇ ಹೇಳುತ್ತದೆ.

ಫಾರ್ಮ್ ಕೊಟ್ಟ ಆ ಅಕ್ಕ ಸುಳ್ಯದವರು, ಅವರೂ ಕನ್ನಡ ಮೀಡಿಯಂ. ಒಂದು ಸಂಜೆ ಕ್ಯಾಂಟೀನಿನಲ್ಲಿ ಕೂತು ಮಾತಾಡಿದೆವು. ಸೈಕಾಲಜಿಯಲ್ಲಿ ಬರುವ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಹೆಸರು ಎತ್ತಿದರು. ಒಂದು ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಬಂಡೂರ 1977ರಲ್ಲಿ ಬರೆದಿದ್ದರಂತೆ. ಸ್ವತಃ ಮಾಡಿ ಗೆದ್ದದ್ದರಿಂದ, ನಮ್ಮಂಥವರೇ ಮಾಡುವುದನ್ನು ನೋಡಿದ್ದರಿಂದ, ನಂಬುವವರ ಮಾತಿನಿಂದ, ಆ ಹೊತ್ತಿಗೆ ನಮ್ಮ ಮೈ ಹೇಗಿದೆ ಎಂಬುದರಿಂದ. ನಾಲ್ಕರಲ್ಲಿ ಮೊದಲನೆಯದ್ದಕ್ಕೇ ಬಲ ಜಾಸ್ತಿ. "ನೀನು ಕಾನ್ಫಿಡೆನ್ಸ್ ಬಂದ ಮೇಲೆ ಕ್ಯಾನುಲಾ ಹಾಕ್ತೇನೆ ಅಂತ ಕಾಯ್ತಾ ಇದ್ದಿ ಮಾರಾಯ್ತಿ. ಅದು ಹಾಕಿದ ಮೇಲೆ ಬರುವುದು" ಎಂದರು. ಈ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಮರುದಿನದಿಂದ ಸ್ಕಿಲ್ ಲ್ಯಾಬಿನ ಕೀ ಕೇಳಿ ಪಡೆದೆ. ಊಟದ ಬಿಡುವಿನಲ್ಲಿ ರಬ್ಬರ್ ಕೈಗೆ ಕ್ಯಾನುಲಾ ಹಾಕುತ್ತಾ ಕೂತೆ. ಒಂದೊಂದು ಗಾತ್ರದ ನಂಬರಿಗೆ ಒಂದೊಂದು ಬಣ್ಣ: ನೀಲಿ 22, ಗುಲಾಬಿ 20, ಹಸಿರು 18. ರಕ್ತ ಕಂಡ ಕೂಡಲೇ ಸೂಜಿಯ ಓರೆ ತಗ್ಗಿಸಿ ಪ್ಲಾಸ್ಟಿಕ್ ಮಾತ್ರ ಒಳಗೆ ತಳ್ಳುವ ಆ ಒಂದು ಕ್ಷಣದ ಕೈಚಳಕ ಬೆರಳಿಗೆ ಹತ್ತುವವರೆಗೆ ಬಿಡಲಿಲ್ಲ. ವಾರ್ಡಿನಲ್ಲಿ ಮೊದಲ ಬಾರಿ ಹಾಕಿದಾಗ ಆ ಅಕ್ಕನನ್ನೇ ಪಕ್ಕದಲ್ಲಿ ನಿಲ್ಲಲು ಕೇಳಿಕೊಂಡೆ. ರೋಗಿಯ ಒಪ್ಪಿಗೆ ಕೇಳಿದೆ. ಒಂದೇ ಸಲಕ್ಕೆ ಬಂತು. "ಗುಡ್" ಎಂದು ಹೇಳಿ ಹೋಗುವವರಿಂದ ಏನೂ ಕಲಿಯಲು ಆಗುವುದಿಲ್ಲ. ಅದಕ್ಕೆ ಡ್ಯೂಟಿ ಮುಗಿಯುವಾಗ ಟ್ಯೂಟರನ್ನು ಬಿಡಿಸಿ ಕೇಳುವುದು ರೂಢಿ ಮಾಡಿಕೊಂಡೆ. "ಮೇಡಂ, ಇವತ್ತು ಯಾವುದು ಸರಿ ಇತ್ತು, ಯಾವುದನ್ನು ಬೇರೆ ಥರ ಮಾಡಬಹುದಿತ್ತು?" ಮೊದಲು ಆಶ್ಚರ್ಯದಿಂದ ನೋಡಿದರು. ಆಮೇಲೆ ಅವರೇ ಕಾದು ಹೇಳುವಂತಾದರು.

ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವೆನ್ಲಾಕ್‌ನಲ್ಲಿ. ಹಂಪನಕಟ್ಟೆಯ ಈ ಸರ್ಕಾರಿ ಆಸ್ಪತ್ರೆ 1848ರಿಂದ ಇದೆ. ಕಾಸರಗೋಡು, ಚಿಕ್ಕಮಗಳೂರು ಕಡೆಯಿಂದಲೂ ಜನ ಬರುತ್ತಾರೆ. ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು. ನನ್ನ ಗೆಳತಿ ತ್ರಿಶೂರಿನವಳು, ಅವಳಿಗೆ ಆ ಬೆಡ್ ಕೊಟ್ಟಿದ್ದರು. ಅವಳು ಕಲಿತ ಕನ್ನಡದಲ್ಲಿ "ನೋವು ಇದೆಯಾ?" ಎಂದು ಕೇಳಿದರೆ ಅಜ್ಜಿ ತಲೆ ಅಲ್ಲಾಡಿಸಿ ಸುಮ್ನೆ ಇರುತ್ತಿದ್ದರು. ನಾನು ಹೋಗಿ ಮಂಚದ ಪಕ್ಕ ಬಗ್ಗಿ ತುಳುವಿನಲ್ಲಿ ಕೇಳಿದೆ, "ಅಜ್ಜಿ, ದಾದ ಆಪುಂಡು?" ಏನಾಗ್ತದೆ ಎಂದು. "ಬೇನೆ ಇಜ್ಜಿ" ಎಂದರು. ನೋವು ಇಲ್ಲ. ಮತ್ತೆ ನಿಧಾನಕ್ಕೆ ಹೇಳಿದರು: ರಾತ್ರಿಯಿಡೀ ಮಲಗಲು ಆಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ. ಯಾರಿಗೂ ತೊಂದರೆ ಕೊಡಬಾರದು ಎಂದು ಹೇಳಿರಲಿಲ್ಲ.

ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 28. ದೊಡ್ಡವರಿಗೆ 12ರಿಂದ 20 ಇರಬೇಕು. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ, ಗುಳಿ ಹಾಗೆಯೇ ಉಳಿಯಿತು, ಅಂದರೆ ಕಾಲಿನಲ್ಲಿ ನೀರು ತುಂಬಿದೆ. ರಕ್ತದ ಆಕ್ಸಿಜನ್ ಶೇಕಡಾ 91, ಕಡಿಮೆಯೇ. ತಲೆಯ ಕಡೆ ಮಂಚ ಎತ್ತರಿಸಿ, ಸಿಸ್ಟರಿಗೆ ಹೇಳಿ, ಅವರು ಹೇಳಿದಂತೆ ಡ್ಯೂಟಿ ಡಾಕ್ಟರ ಹತ್ತಿರ ಹೋದೆ. ಐಸ್‌ಬಾರ್ ಎಂದು ನಮಗೆ ಕಲಿಸಿದ ಒಂದು ಕ್ರಮ ಉಂಟು. ನಾನು ಯಾರು, ಈಗ ಏನಾಗಿದೆ, ಹಿಂದೆ ಏನಿತ್ತು, ನಾನು ಏನು ಕಂಡೆ, ಏನು ಮಾಡಬೇಕು ಎಂದು ಕೇಳುತ್ತಿದ್ದೇನೆ. ಅದೇ ಕ್ರಮದಲ್ಲಿ ಹೇಳಿದೆ. ಧ್ವನಿ ನಡುಗುತ್ತಿತ್ತು, ಆದರೆ ವಾಕ್ಯ ತಪ್ಪಲಿಲ್ಲ. "ಯಾವಾಗಿನಿಂದ?" ಎಂದು ಡಾಕ್ಟರ್ ಕೇಳಿದರು. ಉತ್ತರ ನನ್ನ ಹತ್ತಿರ ಇತ್ತು. ಅವರು ತಕ್ಷಣ ಎದ್ದು ಬಂದರು. ಆಕ್ಸಿಜನ್, ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಲ್ಯಾಸಿಕ್ಸ್ ಇಂಜೆಕ್ಷನ್, ಮೂತ್ರದ ಲೆಕ್ಕ ಇಡಲು ಆರ್ಡರ್. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಒರಗಿಕೊಂಡು ನಿದ್ದೆ ಮಾಡುತ್ತಿದ್ದರು.

ಔಷಧಿ ಬರೆದದ್ದು ಡಾಕ್ಟರ್. ಆದರೆ ಕೇಳಿದ್ದು, ಎಣಿಸಿದ್ದು, ಒತ್ತಿ ನೋಡಿದ್ದು, ಇದು ಈಗಲೇ ಹೇಳಬೇಕಾದ ವಿಷಯ ಎಂದು ತೀರ್ಮಾನಿಸಿದ್ದು ನರ್ಸ್ ಕೆಲಸ. ಅದು ಡಾಕ್ಟರ ಕೆಲಸದ ಸಣ್ಣ ತುಂಡು ಅಲ್ಲ, ಬೇರೆಯೇ ಕೆಲಸ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ, ಇಡೀ ದಿನ ರೋಗಿಯ ಹತ್ತಿರ ಇರುವುದು ನಾವು. ನೆಂಟರ ಪ್ರಶ್ನೆಗೆ ನನ್ನ ಬಳಿ ಆಗ ಉತ್ತರ ಬಂತು. ಮತ್ತೊಂದು ವಿಷಯವೂ ಆಯಿತು. ಕ್ಲಾಸಿನಲ್ಲಿ ನಾಚಿಕೆ ಪಡುತ್ತಿದ್ದ ನನ್ನ ಊರಿನ ಭಾಷೆ ವಾರ್ಡಿನಲ್ಲಿ ಎಲ್ಲರಿಗೂ ಬೇಕಾಯಿತು. ತ್ರಿಶೂರಿನ ಗೆಳತಿ ನನ್ನಿಂದ ತುಳು, ಕನ್ನಡ ಕಲಿತಳು. ಅವಳು ನನಗೆ ವೈವಾಗೆ, ಅಂದರೆ ಬಾಯಿಮಾತಿನ ಪರೀಕ್ಷೆಗೆ, ಇಂಗ್ಲಿಷಿನಲ್ಲಿ ಉತ್ತರ ಹೇಳಲು ಕಲಿಸಿದಳು.

ಹುಡುಗರ ಕಷ್ಟ ಬೇರೆ ಥರ. ನಮ್ಮ ಬ್ಯಾಚಿನ ಒಬ್ಬನಿಗೆ ಹೆರಿಗೆ ವಾರ್ಡಿನ ಪೋಸ್ಟಿಂಗ್‌ನಲ್ಲಿ ಪ್ರತಿ ಬೆಡ್ಡಿನಲ್ಲೂ "ಗಂಡಸರು ಬೇಡ" ಎಂಬ ಮಾತು ಬರುತ್ತಿತ್ತು. ಅವನೂ ಸಿಲೆಬಸ್ ಪ್ರಕಾರ ಕಲಿಯಲೇಬೇಕು. ಟ್ಯೂಟರ್ ಜೊತೆಗೆ ನಿಂತು, ಮೊದಲೇ ಪರಿಚಯ ಮಾಡಿಸಿ, ಒಪ್ಪಿದವರ ಹತ್ತಿರ ಮಾತ್ರ ಕಳಿಸಿದ ಮೇಲೆ ಸರಿಯಾಯಿತು. ಒಪ್ಪದವರ ಮಾತನ್ನು ತನಗೆ ಮಾಡಿದ ಅವಮಾನ ಎಂದು ತೆಗೆದುಕೊಳ್ಳದಿರಲು ಅವನಿಗೆ ಸಮಯ ಹಿಡಿಯಿತು. ಈಗ ಅವನು ಎಮರ್ಜೆನ್ಸಿಯಲ್ಲಿ ಇದ್ದಾನೆ. ಅಲ್ಲಿ ಎಲ್ಲರೂ ಮೊದಲು ಕೂಗುವುದು "ಬ್ರದರ್" ಎಂದು ಅವನನ್ನೇ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಸಾಲದು. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ. ಕಾಲೇಜಿನವರಿಗೆ ಗೊತ್ತಾಗುವುದು ಬೇಡ ಎಂದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು. ದಿನದ 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನನ್ನ ರೂಮ್‌ಮೇಟ್ ಮಾಡಿದ್ದಳು. ಅವಳಿಗೆ ಸಹಾಯ ಆಯಿತು.

ಪರೀಕ್ಷೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರಿಸಲ್ಟಿಗೆ ಕಾಯುವುದು ಕಷ್ಟ, ಅಷ್ಟೇ. ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್. ಆಗ ಮತ್ತೆ ಹಿಂದಕ್ಕೆ ಹೋದಂತೆ ಅನಿಸಿತು. ಸ್ಟಾಫ್ ಸಿಸ್ಟರುಗಳು ಹತ್ತು ಕೆಲಸ ಮುಗಿಸುವಷ್ಟರಲ್ಲಿ ನನ್ನದು ಮೂರು. ಪೆಟ್ರಿಷಿಯಾ ಬೆನ್ನರ್ ಎಂಬ ನರ್ಸಿಂಗ್ ವಿದ್ವಾಂಸೆ 1984ರಲ್ಲಿ ಹೇಳಿದ ಐದು ಹಂತಗಳನ್ನು ಆಗ ತೆಗೆದು ಓದಿದೆ. ಹೊಸಬರಿಂದ ಪರಿಣತರವರೆಗೆ. ಅದರಲ್ಲಿ ಮೂರನೆಯ ಹಂತ, ಅಂದರೆ ಕೆಲಸವನ್ನು ತಾನೇ ಯೋಜಿಸಿ ನಡೆಸುವ ಮಟ್ಟ, ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದವರಿಗೆ ಬರುವಂಥದ್ದು. ನಾನು ಇನ್ನೂ ಎರಡನೆಯದ್ದಕ್ಕೆ ಕಾಲಿಡುತ್ತಿದ್ದೆ. ನಿಧಾನ ಇರುವುದು ನನ್ನ ಯೋಗ್ಯತೆಯ ಕೊರತೆ ಅಲ್ಲ, ಇದು ಆ ಹಂತದ ವೇಗ ಎಂದು ಗೊತ್ತಾದಾಗ ಎಷ್ಟು ಹಗುರ ಆಯಿತು ಎಂದರೆ ಹೇಳಲು ಬರುವುದಿಲ್ಲ.

ಇನ್ನು ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್. ಎಸ್ಸೆಸ್ಸೆಲ್ಸಿ, ಪಿಯುಸಿ, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್, ಕಾಲೇಜಿನ ಪತ್ರ, ಆಧಾರ್, ಫೋಟೋ ಬೇಕು. ಪ್ರತಿಯೊಂದರ ಮೂಲ ಪ್ರತಿ ಮತ್ತು ಜೆರಾಕ್ಸ್ ಬೇರೆ ಬೇರೆ ಫೈಲಿನಲ್ಲಿ ಇಡಿ. ನನಗೆ ಅಡ್ಡ ಬಂದದ್ದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮಾತ್ರ, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಸಮಸ್ಯೆ. ಆಧಾರಿನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಅರ್ಜಿ ಕೊಡಿ. ಕೊನೆಯ ವರ್ಷಕ್ಕೆ ಬಿಡಬೇಡಿ, ಮೊದಲ ಸೆಮಿಸ್ಟರಿನಲ್ಲೇ ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರಿಗೆ ಹೊಂದಿಸಿಕೊಳ್ಳಿ. ಕಾಯುವ ಆ ವಾರಗಳಲ್ಲಿ ಓದು ಮುಗಿದರೂ ನರ್ಸ್ ಅಲ್ಲ, ವಿದ್ಯಾರ್ಥಿಯೂ ಅಲ್ಲ ಎಂಬ ತ್ರಿಶಂಕು ಸ್ಥಿತಿ. ಮನೆಯಲ್ಲಿ ಸುಮ್ನೆ ಕೂರದೆ ಪ್ರೊಸೀಜರ್ ಪುಸ್ತಕ ತಿರುವಿ ಹಾಕಿದ್ದು ನನ್ನನ್ನು ಉಳಿಸಿತು.

ಕೆಲಸದ ಇಂಟರ್ವ್ಯೂ ಮಂಗಳೂರಿನಲ್ಲೇ ಆಯಿತು. ನರ್ಸಿಂಗ್ ಸೂಪರಿಂಟೆಂಡೆಂಟ್ ಕೇಳಿದ್ದು "ನಿಮ್ಮ ಬಗ್ಗೆ ಹೇಳಿ" ಎಂದು. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ, ತಡವರಿಸದೆ. ಎಲ್ಲಿಂದ ಬಂದೆ, ಯಾವ ಕೆಲಸ ಚೆನ್ನಾಗಿ ಬರುತ್ತದೆ, ಯಾವುದರಲ್ಲಿ ಇನ್ನೂ ಮೇಲ್ವಿಚಾರಣೆ ಬೇಕು, ಎಷ್ಟು ಭಾಷೆ ಬರುತ್ತದೆ. ಆಮೇಲೆ ನಾನೇ ಒಂದು ಪ್ರಶ್ನೆ ಕೇಳಿದೆ: "ಮೇಡಂ, ಹೊಸಬರ ಜೊತೆ ಮೊದಲ ತಿಂಗಳುಗಳಲ್ಲಿ ಹಿರಿಯ ಸಿಸ್ಟರ್ ಯಾರಾದರೂ ಇರುತ್ತಾರಾ?" ಇರುತ್ತಾರೆ ಎಂದರು. ಸಂಬಳದ ಜೊತೆಗೆ ಈ ಪ್ರಶ್ನೆಯನ್ನೂ ನೀವು ಕೇಳಿ. ಉತ್ತರ ತೇಲಿಸಿದರೆ ಇನ್ನೊಂದು ಕಡೆ ನೋಡಿ. ಸೋಮವಾರ ನನ್ನ ಜಾಯಿನಿಂಗ್, ಮೆಡಿಕಲ್ ವಾರ್ಡ್ ಕೊಟ್ಟಿದ್ದಾರೆ.